ಸೇದಿದವರಲ್ಲ, ಹೊತ್ತವರು

ಲಿಫ್ಟಿನ ಮುಂದೆ ನಿಲ್ಲಿಸಿ ಸಂಗಮ್ಮನ ಸೆರಗು ಝಾಡಿಸಿದರು. ಬೆಳಗಿನ ಹೊತ್ತು. ಜನ ಆಫೀಸಿಗೆ ಹೊರಟಿದ್ದರು, ಹುಡುಗರು ಕಾಲೇಜಿಗೆ. ಎಲ್ಲರೂ ನಿಂತು ನೋಡಿದರು. ಸೊಂಟದ ಸಂಚಿ ಬಿಚ್ಚಿಸಿದರು. ಎಲೆ, ಅಡಿಕೆ, ಸುಣ್ಣದ ಡಬ್ಬಿ ನೆಲಕ್ಕೆ ಬಿದ್ದವು. ಮಹಿಳಾ ಮಂಡಳದ ಮಾಲವಿಕಾಬಾಯಿ ಕೈಗೆ ರಬ್ಬರಿನ ಗವಸು ಹಾಕಿಕೊಂಡರು. ಆಮೇಲೆ ಸಂಗಮ್ಮನ ರವಿಕೆಯೊಳಗೆ ಕೈ ಹಾಕಿ ನೋಡಿದರು.

ನಾನು ಹಾಲಿನ ಪಾಕೀಟು ಹಿಡಿದು ಗೇಟಿನಿಂದ ಬರುತ್ತಿದ್ದೆ. "ಏನ್ ನಡಸೀರಿ ಇದು? ನಾಚಿಕಿ ಇಲ್ಲೇನ್ರಿ ನಿಮಗ?" ಎಂದು ಕನ್ನಡದಲ್ಲೇ ಕೂಗಿದೆ. ನಾಸಿಕಕ್ಕೆ ಬಂದು ಅರ್ಧ ಆಯುಷ್ಯ ಕಳೆದಿದ್ದೇನೆ. ಮರಾಠಿಯಲ್ಲಿ ಚೌಕಾಸಿ ಮಾಡುತ್ತೇನೆ, ಹರಟೆ ಹೊಡೆಯುತ್ತೇನೆ, ಆದರೆ ಸಿಟ್ಟು ಬಂದರೆ ಧಾರವಾಡ ಬಿಟ್ಟು ಆಚೆಗೆ ನನ್ನ ನಾಲಿಗೆ ಹೋಗುವುದಿಲ್ಲ. ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿಗೆ ಬಿ.ಪಿ. ಏರಿದೆ ಎಂದುಕೊಂಡು ಒಬ್ಬರು ಕುರ್ಚಿ ತಂದುಕೊಟ್ಟರು.

ವಾಚ್‌ಮನ್ ಪರಮೇಶ್ವರ ಮಾತ್ರ ಗೋಡೆಯ ಕಡೆ ತಿರುಗಿ ನಿಂತಿದ್ದ. ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ. ಆ ಗುಂಪಿನಲ್ಲಿ ಮರ್ಯಾದೆ ತಿಳಿದವನು ಅವನೊಬ್ಬನೇ.

ಸಂಗಮ್ಮ ನಮ್ಮ ಬಿಲ್ಡಿಂಗಿನ ಕಸ ತೆಗೆಯುವವಳು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವಳು. ಗೋದಾವರಿ ದಂಡೆಯ ತಗಡಿನ ಪತ್ರಾ ಚಾಳಿನಲ್ಲಿ ವಾಸ. ಗಂಡ ಅಮಸಿದ್ದನಿಗೆ ಬೆನ್ನು ಹೋಗಿದೆ, ಮನೆಯಲ್ಲೇ ಇರುತ್ತಾನೆ. ಏಳನೆಯ ಮಜಲಿನಿಂದ ಶುರು ಮಾಡಿ ಪ್ರತಿ ಬಾಗಿಲ ಮುಂದಿನ ಬಕೆಟ್ಟನ್ನು ಗೋಣಿಚೀಲಕ್ಕೆ ಸುರಿದುಕೊಳ್ಳುತ್ತ ಇಳಿಯುತ್ತಾಳೆ. ಮೆಟ್ಟಿಲ ಮೇಲೆ. ಲಿಫ್ಟಿನಲ್ಲಿ ಕಸ ಒಯ್ಯಬಾರದು ಎಂದು ಸೊಸೈಟಿಯ ನೋಟೀಸು ಇದೆ. ಇಳಿದಂತೆ ಚೀಲ ತೂಗುತ್ತದೆ. ಕೊಳೆತ ತರಕಾರಿಯ ನೀರು ಬೆನ್ನಿನ ಮೇಲೆ ಸೋರುತ್ತದೆ. ಗಡ್ಡ ಕೆರೆದ ಬ್ಲೇಡು, ಒಡೆದ ಗ್ಲಾಸು, ಮಕ್ಕಳ ಡಯಾಪರು, ಹೆಂಗಸರ ಪ್ಯಾಡು. ಅವಳ ಬಲಗೈ ಮೇಲೆ ನಮ್ಮ ಬಿಲ್ಡಿಂಗಿನ ಎಲ್ಲ ಮನೆಗಳ ಗಾಯವೂ ಇದೆ. ಕೆಳಗೆ ಘಂಟಾಗಾಡಿ ಬರುತ್ತದೆ. ಊರಿನ ಕಸ ಒಯ್ಯುವ ಆ ಗಾಡಿ ಹಾಡು ಹಾಕಿಕೊಂಡು ಬಂದು ಹಾಡು ಹಾಕಿಕೊಂಡೇ ಹೋಗುತ್ತದೆ. ತಪ್ಪಿದರೆ ಆ ದಿನದ ಹೊರೆ ಅವಳ ಪಾಲಿಗೆ. ಅದಕ್ಕೇ ಓಡುತ್ತಾಳೆ.

ಅವಳದೊಂದು ನೇಮ. "ಬಕೆಟ್ಟಿನ್ಯಾಗ ಬಿದ್ದದ್ದು ಕಸ, ಅದು ನಂದು. ನೆಲದ ಮ್ಯಾಲ ಬಿದ್ದದ್ದು ಮಂದೀದು, ಅದು ಅವರಿಗೆ ಮುಟ್ಟಬೇಕು." ಅವಳ ಅವ್ವ ಕಲಿಸಿದ್ದಂತೆ. ಬಕೆಟ್ಟಿನಲ್ಲಿ ಹಿತ್ತಾಳೆಯದೇನಾದರೂ ಸಿಕ್ಕರೆ ಗುಜರಿಗೆ ಹಾಕಿ ಹುರಿಗಡಲೆ ತಿನ್ನುತ್ತಾಳೆ, ಬೇಕಾದರೆ ನಿಮ್ಮೆದುರೇ ತಿನ್ನುತ್ತಾಳೆ. ನೆಲದ ಮೇಲೆ ಸಿಕ್ಕಿದ್ದು ಮೀಟರ್ ಖೋಲಿಯಲ್ಲಿ ಇಟ್ಟ ಎಣ್ಣೆ ಡಬ್ಬಿಗೆ ಹೋಗುತ್ತದೆ. ಕಿವಿಯ ಓಲೆ, ಬೀಗದ ಕೈ, ಕೂಸಿನ ಒಂಟಿ ಕಾಲುಚೀಲ. ಮರುದಿನ ಬಾಗಿಲು ಬಾಗಿಲಿಗೆ "ಯಾರದರಿ ಇದು?" ಎಂದು ಕೇಳುತ್ತ ಹೋಗುತ್ತಾಳೆ. ನನ್ನ ಹಲ್ಲಿನ ಸೆಟ್ಟೂ ಒಮ್ಮೆ ಆ ಡಬ್ಬಿಯಿಂದ ಬಂದದ್ದು. ಬಟ್ಟೆಯಲ್ಲಿ ಸುತ್ತಿ, ಯಾರಿಗೂ ಕಾಣದಂತೆ ಕೈಗಿಟ್ಟು, "ಪ್ರಸಾದ ತಗೋರಿ ಅಮ್ಮಾರ" ಎಂದಿದ್ದಳು. ಸೊಸೆ ತುಳಸಿ ಎದುರಿಗೇ ಇದ್ದಳು.

ಈ ಸಲ ಡಬ್ಬಿಯಲ್ಲಿ ಬಣ್ಣಬಣ್ಣದ ಪುಟ್ಟ ಕೊಳವೆಗಳು ಇದ್ದವು. ಗುಲಾಬಿ, ಹಸಿರು, ಕಪ್ಪು. ಟೆರೇಸಿನ ನೀರಿನ ಟಾಕಿಯ ಹಿಂದೆ ಸಿಕ್ಕಿದ್ದವು. ಸಂಗಮ್ಮ ಅವುಗಳನ್ನು ನನಗೆ ತೋರಿಸಿದ್ದಳು. "ಈ ಬಿಲ್ಡಿಂಗಿನ ಹುಡುಗರಿಗೆಲ್ಲ ಭಾಳ ನೆಗಡಿ ಐತ್ರಿ ಅಮ್ಮಾರ. ಟಾಕಿ ಹಿಂದ ನಿಂತು ಇದನ್ನ ಬಾಯಾಗ ಇಟ್ಕೊಂತಾವು. ಮೂಗಿನಾಗಿಂದ ಹಬಿ ಬಿಡತಾವು, ಪಾಪ." ನನಗೂ ಹಾಗೇ ಅನ್ನಿಸಿತು. ನಮ್ಮ ಕಾಲದಲ್ಲಿ ಕಂಬಳಿ ಹೊದ್ದು, ಚರಿಗೆಯಲ್ಲಿ ಬಿಸಿನೀರು ಹಾಕಿ ಹಬೆ ಹಿಡಿಯುತ್ತಿದ್ದೆವು. ಈಗ ಯಂತ್ರ ಬಂದಿರಬೇಕು. ನಾನು ಬಿ.ಎ. ಪಾಸು, ಅವಳು ಶಾಲೆ ಕಂಡವಳಲ್ಲ. ನೆಗಡಿಯ ವಿಷಯದಲ್ಲಿ ಇಬ್ಬರದೂ ಒಂದೇ ಪಾಂಡಿತ್ಯ. ಶುಂಠಿ, ಮೆಣಸು, ಬೆಲ್ಲ ಹಾಕಿ ಕಷಾಯ ಮಾಡಿಕೊಟ್ಟೆ. ಅವಳು ಥರ್ಮಾಸ್ ಹಿಡಿದು ಟೆರೇಸಿಗೆ ಹತ್ತಿ ಹುಡುಗರಿಗೆ ಕುಡಿಸಿ ಬಂದಳು. ಮುಖ ಮುಖ ನೋಡಿಕೊಂಡು ಕುಡಿದರಂತೆ. ಒಂದು ಹುಡುಗಿಯಂತೂ ಮತ್ತೊಂದು ಲೋಟ ಕೇಳಿದಳಂತೆ.

ಅದೇ ವಾರ ಸೊಸೈಟಿಯ ಸೆಕ್ರೆಟರಿ ಹೃಷಿಕೇಶ ಗಾಯಧನಿಯವರು ಲಿಫ್ಟಿನೊಳಗೆ ಬ್ಯಾನರು ಹಚ್ಚಿದ್ದರು. "ವೇಪ್ ಮುಕ್ತ ಸೊಸೈಟಿ." ಕಾಯಿದೆಯ ಅಕ್ಷರ ಸಾಸಿವೆ ಕಾಳಿನಷ್ಟು, ಸೆಕ್ರೆಟರಿಯವರ ಫೋಟೋ ಕುಂಬಳಕಾಯಿಯಷ್ಟು. ಬ್ಯಾನರು ಹಚ್ಚಿದ ಮೇಲೆ ಒಬ್ಬ ಕಳ್ಳ ಬೇಕಾಗುತ್ತಾನೆ. ಆ ಬೆಳಿಗ್ಗೆ ಮೀಟರ್ ಖೋಲಿಯಲ್ಲಿ ಡಬ್ಬಿ ಸಿಕ್ಕಿತು. ಡಬ್ಬಿ ಯಾರದು ಎಂದರು. ನಂದು ಎಂದಳು.

"ಸಪ್ಲಾಯರ್ ಸಿಕ್ಕಳು!" ಎಂದರು ಗಾಯಧನಿ.

ಶೋಧನೆ ಲಿಫ್ಟಿನ ಮುಂದೆ ನಡೆಯಿತು, ತೀರ್ಪೂ ಅಲ್ಲೇ ಆಯಿತು. ಭಾನುವಾರದ ಮೀಟಿಂಗಿನಲ್ಲಿ ಎಲ್ಲರ ಮುಂದೆ ಕಿವಿ ಹಿಡಿದು ಮಾಫಿ ಕೇಳಬೇಕು. ಇಲ್ಲವಾದರೆ ಪೊಲೀಸಿಗೆ ಹೆಸರು ಹೋಗುತ್ತದೆ, ಓಣಿಯ ಎಲ್ಲ ಬಿಲ್ಡಿಂಗಿನ ಗ್ರೂಪಿನಲ್ಲಿ ಫೋಟೋ ಹೋಗುತ್ತದೆ. ಆ ಓಣಿಯ ಗೇಟುಗಳೇ ಅವಳ ಅನ್ನ.

ಸಂಗಮ್ಮ ಬಗ್ಗಿ ಅಡಿಕೆ ಆರಿಸಿಕೊಂಡಳು. ಸುಣ್ಣದ ಡಬ್ಬಿ ಮಾಲವಿಕಾಬಾಯಿಯ ಚಪ್ಪಲಿಯ ಹತ್ತಿರ ಉರುಳಿತ್ತು. "ಪಾಂವ್ ಹಟಾವ್" ಎಂದು ಕಾಲು ತೆಗೆಯಲು ಹೇಳಿದಳು. ಆ ತೀರ್ಪಿಗೆ ಅವಳು ಕೊಟ್ಟ ಉತ್ತರ ಅಷ್ಟೇ.

ಮಧ್ಯಾಹ್ನ ನನ್ನ ಅಡಿಗೆಮನೆಯಲ್ಲಿ ಕುಳಿತು ತಂಗಿಗೆ ಫೋನು ಹಚ್ಚಿದಳು. ತಂಗಿ ಗುಂಡವ್ವ ಸಂಭಾಜಿನಗರದ ಕಡೆ, ಗುಹೆ-ಗುಡಿಗಳ ಊರಾದ ವೇರೂಳಿನ ಒಂದು ಲಾಡ್ಜಿನಲ್ಲಿ ಖೋಲಿ ಗುಡಿಸುತ್ತಾಳೆ. ಫೋನು ಸ್ಪೀಕರಿನಲ್ಲಿತ್ತು.

"ನೆಗಡಿ ಯಂತ್ರ ಅಲ್ಲಬೇ ಹುಚ್ಚಿ! ಅದು ಸಿಗರೇಟು. ಕರೆಂಟಿನ ಸಿಗರೇಟು. ಗುಡಿ ನೋಡಾಕ ಬಂದವರು ಹಾಸಿಗಿ ಬುಡಕ ಬಿಟ್ಟು ಹೋಗತಾರ."

"ಅಯ್ಯ ನನ್ನ ಶಿವನ! ನಾ ಅದಕ್ಕ ಕಷಾಯ ಕುಡಿಸೀನಲ್ಲೇ!"

ಆ ಕಡೆ ಗುಂಡವ್ವ ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. ಈ ಕಡೆ ಸಂಗಮ್ಮನಿಗೂ ನಗು ಬಂತು. ಬೆಳಗಿನಿಂದ ಬಾರದ ಅಳುವೂ ಅದರ ಹಿಂದೆಯೇ ಬಂತು. ಎರಡನ್ನೂ ಒಂದೇ ಸೆರಗಿನಲ್ಲಿ ಒರೆಸಿಕೊಂಡಳು.

ಮೊಮ್ಮಗಳು ಮಾನ್ಯಾ ಬಾಗಿಲಲ್ಲಿ ನಿಂತಿದ್ದಳು. ಕಾಲೇಜು ತಪ್ಪಿಸಿದ್ದಳು. ಹೊಟ್ಟೆನೋವು ಅಂದಿದ್ದಳು. ನನ್ನ ಮಗ ಪ್ರಭಾಕರನಿಗೆ ಬ್ಯಾಂಕಿನವರು ಸಂಭಾಜಿನಗರಕ್ಕೆ ಬದಲಿ ಕೊಟ್ಟಿದ್ದಾರೆ, ಅವನು ಶನಿವಾರ ಮಾತ್ರ ಬರುತ್ತಾನೆ. ಹುಡುಗಿಯ ಹೊಟ್ಟೆನೋವು ನಿಜವೋ ಸುಳ್ಳೋ ನೋಡುವ ಕೆಲಸ ನನ್ನದು.

"ಮಾನ್ಯಾ, ಆ ಕಾಯದೆ ಏನದ ಅಂತ ಫೋನಿನ್ಯಾಗ ತಗದು ಓದು" ಎಂದೆ.

ಅವಳು ಇಂಗ್ಲಿಷಿನಲ್ಲಿ ಓದಿದಳು, ನಾನು ಕನ್ನಡದಲ್ಲಿ ಹೇಳಿದೆ. ಇಡೀ ದೇಶಕ್ಕೆ ಒಂದೇ ಕಾಯಿದೆ. ಮಾಡಬಾರದು. ತರಿಸಬಾರದು. ಮಾರಬಾರದು. ಜಾಹೀರಾತು ಹಾಕಬಾರದು. ಸಂಗ್ರಹಿಸಿ ಇಡಬಾರದು. ಸಾಗಿಸಬಾರದು. ಸಾಗಿಸಿದರೆ ಮೊದಲ ಸಲಕ್ಕೆ ಒಂದು ವರ್ಷದ ತನಕ ಜೈಲು.

"ಸೇದಿದರ?" ಎಂದು ಕೇಳಿದಳು ಸಂಗಮ್ಮ.

"ಸೇದಿದ್ರೆ ಕಾಹೀ ನಾಹೀ" ಎಂದಳು ಮಾನ್ಯಾ. ಬಹಳ ಬೇಗ ಹೇಳಿದಳು. ಫೋನು ನೋಡಲೂ ಇಲ್ಲ.

"ಸೇದಿದವರಿಗೆ ಏನೂ ಇಲ್ಲ?"

"ನಾಹೀ ಮಾವಶೀ. ಅದು ಕಾಯದೇದಾಗ ಇಲ್ಲ."

ಸಂಗಮ್ಮ ನನ್ನ ಕಡೆ ತಿರುಗಿದಳು. "ಸಾಗಿಸೋದು ಅಂದರ ಏನ್ರಿ ಅಮ್ಮಾರ? ಮೋಟಾರ ಗಾಡ್ಯಾಗ ಒಯ್ಯೋದೇನು?"

"ಒಂದು ಕಡೆಯಿಂದ ಇನ್ನೊಂದು ಕಡೆ ಒಯ್ಯೋದು. ಹ್ಯಾಂಗ ಒಯ್ದರೂ ಒಯ್ದಂಗ."

"ತೆಲಿ ಮ್ಯಾಲ ಹೊತ್ತರ?"

"ಅದೂ ಸಾಗಿಸಿದಂಗನ."

"ಬೆನ್ನ ಮ್ಯಾಲ ಹೊತ್ತರ?"

ನಾನು ಹೌದೆಂದು ತಲೆ ಆಡಿಸಿದೆ. ಅವಳು ಚಹಾದ ಬಟ್ಟಲು ಕೆಳಗಿಟ್ಟಳು.

"ಹಂಗಾರ ನಾ ದಿನಾ ಏನ್ ಮಾಡಾಕತ್ತೀನ್ರಿ? ಬಕೆಟ್ಟಿನ್ಯಾಗ ಎಷ್ಟು ಅದಾವೋ ಏನೋ. ಸೇದಿದವರು ಲಿಫ್ಟಿನ್ಯಾಗ ಹೊಕ್ಕಾರ. ನಾ ಹೊತ್ಕೊಂಡು ಇಳೀತೀನಿ. ಜೈಲು ನನಗ?"

ಒಲೆಯ ಮೇಲೆ ಹಾಲು ಉಕ್ಕಿತು. ಮಾನ್ಯಾ ಓಡಿಹೋಗಿ ಆರಿಸಿದಳು. ಆ ಹುಡುಗಿ ತಾನಾಗಿ ಒಲೆ ಆರಿಸಿದ್ದನ್ನು ನಾನು ಅಂದೇ ಮೊದಲು ನೋಡಿದ್ದು.

"ಚಲೋ ಆತು ಬಿಡ್ರಿ" ಎಂದು ಸಂಗಮ್ಮ ಎದ್ದಳು. "ಕಾಯದೆ ಅಂದ ಮ್ಯಾಲ ಕಾಯದೆ. ನಾ ಮುರಿಯೂದಿಲ್ಲ."

ಮರುದಿನ ಬಂದಳು. ಹೊತ್ತಿಗೆ ಸರಿಯಾಗಿ ಬಂದಳು. ಮೆಟ್ಟಿಲು ಗುಡಿಸಿದಳು, ಒರೆಸಿದಳು. ಬಕೆಟ್ಟು ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಳು. ಘಂಟಾಗಾಡಿ ಹಾಡುತ್ತ ಬಂತು, ಹಾಡುತ್ತ ಹೋಯಿತು.

ಮೇಲಿನಿಂದ ಕೂಗಾಟ ಶುರುವಾಯಿತು. "ಸಂಗೂಬಾಯಿ, ಕಚರಾ!"

ಅವಳು ಕೆಳಗಿನಿಂದಲೇ ಮರಾಠಿಯಲ್ಲಿ ಉತ್ತರ ಕೊಟ್ಟಳು. ಅವಳ ಮರಾಠಿಗೆ ಇಂಡಿ ತಾಲೂಕಿನ ಗಾಳಿ ಬಡಿದಿದೆ, ಆದರೆ ಏಳನೆಯ ಮಜಲಿಗೂ ಮುಟ್ಟುತ್ತದೆ. "ನಿಮ್ಮ ಕಚರಾದಾಗ ಬಂದ್ ಮಾಡಿದ ಮಾಲು ಇರಬಹುದು. ನಾ ಹೊತ್ತರ ಗುನ್ಹೆ. ನೀವು ತರ್ರಿ. ಗಾಡಿ ಮುಂದ ನೀವ ಬಿಚ್ಚಿ ತೋರಸ್ರಿ. ಏನೂ ಇಲ್ಲಂದ್ರ ನಾ ಗಾಡಿಗೆ ಹಾಕತೀನಿ."

"ಹುಚ್ಚು ಹಿಡಿದದೇನು?"

"ಲಿಫ್ಟಿನ್ಯಾಗ ಬರದೀರಲ್ಲ, ಸಾಹೇಬರ ಫೋಟೋದ ಬುಡಕ!"

ಸೆಕ್ರೆಟರಿ ಕಾಂಟ್ರಾಕ್ಟರಿಗೆ ಫೋನು ಮಾಡಿ ಬೇರೆ ಹೆಂಗಸರನ್ನು ಕರೆಸಿದರು. ಇಬ್ಬರು ಬಂದರು. ಸಂಗಮ್ಮನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತರು. ಎಲೆ ಅಡಿಕೆ ಹಂಚಿಕೊಂಡರು. "ಜೈಲು ಐತಂತ ಸಾಹೇಬ, ನಮಗ ಸಣ್ಣ ಮಕ್ಕಳದಾವ" ಎಂದು ಮುಖ ಸಪ್ಪಗೆ ಮಾಡಿ ಹೇಳಿದರು. ಸೆಕ್ರೆಟರಿ ಅತ್ತ ಹೋದೊಡನೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಸಂಜೆಯ ಹೊತ್ತಿಗೆ ಇಡೀ ಓಣಿಯ ಹೆಂಗಸರಿಗೆ ಕಾಯಿದೆ ಬಾಯಿಪಾಠವಾಗಿತ್ತು. ಸಾಗಿಸಬಾರದು, ಸಂಗ್ರಹಿಸಬಾರದು. ಲಾವಣಿಯ ಹಾಗೆ ಹೇಳುತ್ತಿದ್ದರು.

ಬಿಲ್ಡಿಂಗು ನಾರಲು ಶುರುವಾಯಿತು. ಮೊದಲು ಮೆಟ್ಟಿಲು, ಆಮೇಲೆ ಲಿಫ್ಟು. ಯಾರದೋ ಮನೆಯಲ್ಲಿ ಮೀನು ಮಾಡಿದ್ದರು. ಯಾರೂ ನಮ್ಮಲ್ಲಿ ಎನ್ನಲಿಲ್ಲ. ಪ್ರಭಾಕರ ಸಂಭಾಜಿನಗರದಿಂದ ಫೋನು ಮಾಡಿದ. "ಅವ್ವಾ, ಸೊಸೈಟಿ ಗ್ರೂಪಿನ್ಯಾಗ ನಿನ್ನ ಹೆಸರೂ ಬಂದದ. ನೀ ಆಕಿಗೆ ಚಹಾ ಕೊಡತೀ ಅಂತ ಬರದಾರ."

"ಚಹಾ ಅಷ್ಟ ಅಲ್ಲ, ಅವಲಕ್ಕೀನೂ ಕೊಟ್ಟೇನಿ ಅಂತ ಬರಿ" ಎಂದೆ.

ಶನಿವಾರ ಬೆಳಿಗ್ಗೆ ಜನ ಸೋತರು. ಘಂಟಾಗಾಡಿಯ ಹಾಡು ಓಣಿಯ ತುದಿಯಲ್ಲಿ ಕೇಳಿದೊಡನೆ ಬಾಗಿಲುಗಳು ತೆರೆದವು. ನೈಟಿಯ ಮೇಲೆ ಟವೆಲು ಹೊದ್ದವರು, ಬರ್ಮುಡಾದವರು, ಅರ್ಧ ಗಡ್ಡ ಕೆರೆದುಕೊಂಡವರು, ಎಲ್ಲರ ಕೈಯಲ್ಲೂ ತಮ್ಮ ತಮ್ಮ ಬಕೆಟ್ಟು. ಲಿಫ್ಟಿನ ಬಾಗಿಲಲ್ಲಿ ಪರಮೇಶ್ವರ ಸಲಾಮು ಹೊಡೆದು ನಿಂತಿದ್ದ. "ಸಾಹೇಬ, ಕಚರಾ ಲಿಫ್ಟ್‌ನಲ್ಲಿ ಬ್ಯಾಡ. ಸೊಸೈಟಿ ನೋಟೀಸ್." ಇಂಥ ಖುಷಿಯಿಂದ ಅವನು ಡ್ಯೂಟಿ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಗಾಯಧನಿಯವರದು ಏಳನೆಯ ಮಜಲು. ದಿನಗಟ್ಟಲೆ ತುಂಬಿದ್ದ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದರು. ನಾನು ಮೂರನೆಯ ಮಜಲಿನ ಬಾಗಿಲಲ್ಲಿದ್ದೆ. ಉಸಿರು ಬಿಡುತ್ತಿದ್ದರು. ಬಿಳಿ ಪಾಯಜಾಮದ ಮೇಲೆ ಕಂದು ನೀರು ಇಳಿದಿತ್ತು. ಗೋಡೆಗೆ ಒರಗಿ ನಿಂತರು. ಕುಡಿಯಲು ನೀರು ಕೊಟ್ಟೆ. ಕುಡಿದರು. "ಆಜೀ, ಇದು ದಿನಾ ಇಷ್ಟು ಭಾರ ಇರತದ?" ಎಂದು ಮರಾಠಿಯಲ್ಲಿ ಕೇಳಿದರು.

"ಇದು ನಿಮ್ಮೊಂದು ಮನೀದು" ಎಂದೆ.

ನಾನೂ ಕೆಳಗಿಳಿದೆ. ಅಲ್ಲಿ ಪಾಳಿ ಹಚ್ಚಿದ್ದರು. ಸಂಗಮ್ಮ ಕೈಯಲ್ಲಿ ಕಡ್ಡಿ ಹಿಡಿದು ಗಾಡಿಯ ಪಕ್ಕದಲ್ಲಿ ನಿಂತಿದ್ದಳು. "ಬಿಚ್ಚರಿ. ಹಾಂ. ಹಸೀದು ಆ ಕಡೆ, ಒಣಾದು ಈ ಕಡೆ. ಮುಂದ ಬರ್ರಿ." ಯಾರ ಬಕೆಟ್ಟಿಗೂ ಅವಳು ಮುಖ ಸಿಂಡರಿಸಲಿಲ್ಲ. ಶ್ರಾವಣದ ಉಪವಾಸ ಎಂದು ಊರಿಗೆಲ್ಲ ಹೇಳಿದ್ದವರ ಬಕೆಟ್ಟಿನಿಂದ ಮೊಟ್ಟೆಯ ಸಿಪ್ಪೆ ಉರುಳಿದಾಗ ಮೇಲೆ ತಟ್ಟನೆ ಎಲೆಕೋಸಿನ ಎಲೆ ಎಳೆದು ಮುಚ್ಚಿದಳು. ನಾನು ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಗಾಯಧನಿಯವರ ಸರದಿ ಬಂತು. ಚೀಲ ಇಳಿಸಿ, ಕೈ ಝಾಡಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು. "ಆಯಿತು, ಮುಗಿಸೋಣ. ಕಮಿಟಿ ದೊಡ್ಡ ಮನಸ್ಸು ಮಾಡೇದ. ನಾಳಿನ ಮೀಟಿಂಗ್ ಬ್ಯಾಡ. ಸಂಗೂಬಾಯಿ, ನಿನ್ನ ಮಾಫ್ ಮಾಡೀವಿ. ನಾಳಿಂದ ಮೊದಲಿನಂಗ ಕೆಲಸ ಮಾಡು."

ಜನ ನಿರಾಳವಾಗಿ ಉಸಿರು ಬಿಟ್ಟರು. ಒಂದಿಬ್ಬರು ಬಕೆಟ್ಟು ಅಲ್ಲೇ ಇಟ್ಟು ಹೊರಡಲು ತಯಾರಾದರು.

ಸಂಗಮ್ಮ ಕಡ್ಡಿಯನ್ನು ಗೋಡೆಗೆ ಆನಿಸಿದಳು.

"ಮಾಫಿ ನಾ ಕೇಳಿಲ್ಲಲ್ರಿ ಸಾಹೇಬ. ಕೇಳದ ಹ್ಯಾಂಗ ಕೊಡತೀರಿ?"

"ಅಂದ್ರ?"

"ಗುನ್ಹೆ ಮಾಡಿದವರಿಗೆ ಮಾಫಿ. ನಾ ಏನ್ ಮಾಡೀನಿ?"

"ಮಾಲು ನಿನ್ನ ಡಬ್ಬ್ಯಾಗ ಸಿಕ್ಕದ! ನಿಂದಲ್ಲ ಅಂದ್ರ ಯಾರದು? ಇಷ್ಟು ಜನ ನಿಂತಾರ, ಯಾರದೂ ಅಲ್ಲ. ಕೇಳು ಬೇಕಾದ್ರ!"

ಪಾಳಿಯವರು ತಮ್ಮ ತಮ್ಮ ಬಕೆಟ್ಟು ನೋಡಿಕೊಂಡರು. ಗಾಡಿಯ ಭೋಂಗಾ ಸ್ವಚ್ಛತೆಯ ಹಾಡು ಹಾಡುತ್ತಲೇ ಇತ್ತು. ಗಾಯಧನಿ ಎರಡೂ ಕೈ ಚಾಚಿ, ನೋಡಿದಿರಾ ಎಂಬಂತೆ ತಿರುಗಿದರು.

"ಗುಲಾಬಿ ನಂದು."

ನನ್ನ ಪಕ್ಕದಿಂದಲೇ ಬಂತು ಆ ದನಿ. ಮಾನ್ಯಾ. ನಮ್ಮ ಮನೆಯ ಬಕೆಟ್ಟು ಅವಳ ಕೈಯಲ್ಲಿತ್ತು. ಕನ್ನಡ ಮಾತಾಡು ಎಂದರೆ ನಾಚುವ ಹುಡುಗಿ, ಆ ಮಾತನ್ನು ಕನ್ನಡದಲ್ಲೇ ಆಡಿದಳು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಮರಾಠಿಯಲ್ಲಿ ಇನ್ನೊಮ್ಮೆ ಹೇಳಿದಳು. "ಟಾಕಿ ಹಿಂದ ಬಿದ್ದಿತ್ತು. ನಾ ಸೇದತಿದ್ದೆ. ಮಾವಶಿಗೆ ಗೊತ್ತೇ ಇರಲಿಲ್ಲ. ಅವರು ನಮಗ ಕಷಾಯ ತಂದು ಕೊಟ್ಟರು. ಅವತ್ತೇ ನಾ ಹೇಳಬೇಕಾಗಿತ್ತು."

ತುಳಸಿ "ಮಾನ್ಯಾ!" ಎಂದು ಚೀರಿದಳು. ನಾನು ಸೊಸೆಯ ಕೈ ಹಿಡಿದೆ. "ಮನ್ಯಾಗ ಬೈಯಿ, ಎಷ್ಟು ಬೇಕಾದರೂ ಬೈಯಿ. ನಾನೂ ಬೈತೇನಿ. ಇಲ್ಲಿ ಬ್ಯಾಡ" ಎಂದೆ.

ಹಿಂದಿನಿಂದ ಯಾರೋ ಕೆಮ್ಮಿದರು. ಮಾಲವಿಕಾಬಾಯಿಯ ಗಂಡ. ಓಝರಿನ ವಿಮಾನ ಕಾರಖಾನೆಯಿಂದ ನಿವೃತ್ತರಾದ ಗಂಭೀರ ಮನುಷ್ಯ. ಸಿಗರೇಟು ಬಿಟ್ಟು ವರ್ಷವಾಯಿತೆಂದು ಅವರ ಹೆಂಡತಿ ಪೇಢೆ ಹಂಚಿದ್ದರು.

"ಹಸಿರು ನನ್ನದು" ಎಂದರು. "ಪುದೀನಾದ್ದು."

ಮಾಲವಿಕಾಬಾಯಿಯ ಕೈಯಿಂದ ಬಕೆಟ್ಟು ಜಾರಿತು. ಕಲ್ಲಂಗಡಿಯ ಸಿಪ್ಪೆ ರಸ್ತೆಯ ತುಂಬ ಹರಡಿತು. ಅವರು ಸಿಪ್ಪೆ ನೋಡಿದರು, ಗಂಡನನ್ನು ನೋಡಿದರು, ಕೊನೆಗೆ ತಮ್ಮ ಕೈ ನೋಡಿಕೊಂಡರು. ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದೇ ಸಿಪ್ಪೆ ಆರಿಸತೊಡಗಿದರು. ಬರಿಗೈಯಿಂದ. ಪರಮೇಶ್ವರ ಬಗ್ಗಿ ಅವರಿಗೆ ನೆರವಾದ. ಅವನು ಅಂಥವನು.

ಕಪ್ಪು ಯಾರದೆಂದು ಯಾರೂ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ.

ಸಂಗಮ್ಮ ಮಾನ್ಯಾಳನ್ನು ಒಮ್ಮೆ ನೋಡಿದಳು. "ನೆಗಡಿ ಅಲ್ಲಂದ್ರ ಎಲ್ಡ ಲೋಟ ಯಾಕ ಕುಡದಿ ನನ್ನವ್ವ?" ಎಂದಳು.

"ಛಾನ್ ಇತ್ತು, ರುಚಿ ಇತ್ತು" ಎಂದಳು ಮಾನ್ಯಾ. ಅವಳ ಮೂಗು ಕೆಂಪಾಗಿತ್ತು.

ಆಮೇಲೆ ಸಂಗಮ್ಮ ಗಾಯಧನಿಯವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ನನ್ನ ಮೈ ಮುಟ್ಟಿ ನೋಡಿಸಿದ್ರಿ. ನನ್ನ ಸಂಚಿ ಬಿಚ್ಚಿಸಿದ್ರಿ. ಇಷ್ಟೂ ಮಂದಿ ಮುಂದ. ಈಗ ಮಾಫಿ ಕೇಳಾಕ ನಿಮಗೂ ಹರಕತ್ತಿಲ್ರಿ ಸಾಹೇಬ. ಇಷ್ಟೂ ಮಂದಿ ಅದಾರ. ಕಿವಿ ಹಿಡೀಬ್ಯಾಡ್ರಿ. ಬರೇ ಬಾಯಿಲೆ ಕೇಳ್ರಿ, ಸಾಕು."

ಗಾಯಧನಿ ಗಡಿಯಾರ ನೋಡಿದರು. ಪಾಯಜಾಮ ನೋಡಿಕೊಂಡರು. ಪಾಳಿಯಲ್ಲಿ ನಿಂತವರನ್ನು ನೋಡಿದರು. ಯಾರೂ ಅವರ ಪರವಾಗಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ತಮ್ಮ ಬಕೆಟ್ಟು ಅಲ್ಲೇ ಉಳಿಯುತ್ತಿತ್ತು. ಕೊನೆಗೆ ತುಟಿಗಳು ಅಲುಗಿದವು. ಏನೋ ಅಂದರು. ಭೋಂಗಾದ ಸದ್ದಿನಲ್ಲಿ ಹತ್ತಿರವಿದ್ದ ನನಗೂ ಕೇಳಲಿಲ್ಲ.

ಘಂಟಾಗಾಡಿಯ ಡ್ರೈವರು ಇಷ್ಟು ಹೊತ್ತು ಸ್ಟಿಯರಿಂಗಿನ ಮೇಲೆ ಮೊಣಕೈ ಊರಿ ತಮಾಷೆ ನೋಡುತ್ತಿದ್ದ. ಅವನಿಗೆ ಇನ್ನೂ ಅರ್ಧ ಊರು ಸುತ್ತುವುದಿತ್ತು. ಕೈ ಮುಂದೆ ಮಾಡಿ ಹಾಡು ಬಂದ್ ಮಾಡಿದ. ಎಂಜಿನ್ನೂ ಬಂದ್ ಮಾಡಿದ.

ಓಣಿ ಸ್ತಬ್ಧವಾಯಿತು.

"ಹಾಂ, ಈಗ ಬೋಲಾ ಸಾಹೇಬ" ಎಂದ ಡ್ರೈವರು.

ಗಾಯಧನಿ ಹೇಳಿದರು. "ತಪ್ಪಾಯಿತು, ಸಂಗೂಬಾಯಿ. ಮಾಫ್ ಮಾಡು." ಈ ಸಲ ಎಲ್ಲರಿಗೂ ಕೇಳಿಸಿತು.

ಸಂಗಮ್ಮ ಕಟ್ಟೆಯ ಮೇಲೆ ಕುಳಿತಳು. ಸಂಚಿ ಬಿಚ್ಚಿ ಒಂದು ಎಲೆ ತೆಗೆದು ಸುಣ್ಣ ಸವರಿದಳು. ವಿಚಾರ ಮಾಡುತ್ತಿದ್ದಳು. ಕೊಡಬೇಕೋ ಬೇಡವೋ ಎಂಬುದು ಈಗ ಅವಳ ಕೈಯಲ್ಲಿತ್ತು.

ನಾವೆಲ್ಲ ಬಕೆಟ್ಟು ಹಿಡಿದುಕೊಂಡು ನಿಂತೆವು.